ನೀರಿಗೆ ಹೆದರುವ ಉಪ್ಪು

ಕೃಷ್ಣಗಿರಿ ಜಿಲ್ಲೆ ಮಾವಿನ ಸೀಮೆ. ಬೆಂಗಳೂರಿನವರು ತೋತಾಪುರಿ ಎನ್ನುವ ಗಿಣಿಮೂತಿಯ ಮಾವಿಗೆ ಇಲ್ಲಿ ‘ಬೆಂಗಳೂರಾ’ ಎಂದೇ ಹೆಸರು. ಹೊಸೂರಿನ ಅಂಚಿನ ಆಲಸನತ್ತಂನಂಥ ಊರುಗಳಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಕಿವಿಗೆ ಬೀಳುತ್ತವೆ. ಉಪ್ಪಿನಕಾಯಿ ಹಾಕುವ ಕ್ರಮ ಮಾತ್ರ ಮೂರೂ ಮಾತಿನವರದು ಹೆಚ್ಚುಕಡಿಮೆ ಒಂದೇ. ಮೊದಲು ಹೋಳುಗಳಿಗೆ ಉಪ್ಪು ಬೆರೆಸಿ ಮುಚ್ಚಿಡಬೇಕು. ಎರಡು ಮೂರು ದಿನದಲ್ಲಿ ಕಾಯಿ ನೀರು ಬಿಟ್ಟುಕೊಳ್ಳುತ್ತದೆ, ಕಲ್ಲುಪ್ಪು ಆ ನೀರಿನಲ್ಲಿ ಕರಗಿ ಕಾಣೆಯಾಗುತ್ತದೆ. ಎಣ್ಣೆಯದು ಆಮೇಲಿನ ಸರದಿ. ಕ್ರಮ ತಪ್ಪಿಸಿ ಉಪ್ಪನ್ನು ನೇರವಾಗಿ ಎಣ್ಣೆಗೆ ಸುರಿದರೆ ಅದು ಹರಳು ಹರಳಾಗಿಯೇ ತಳ ಹಿಡಿಯುತ್ತದೆ. ವರ್ಷ ಕಾದರೂ ಎಣ್ಣೆಗೆ ಉಪ್ಪು ಹತ್ತುವುದಿಲ್ಲ.

ಇದೇ ಹೊಸೂರಿನಲ್ಲಿ ಈಗ ಬೇರೊಂದು ಉಪ್ಪಿನ ವ್ಯವಹಾರವೂ ಕುದುರಿದೆ. 1980ರಲ್ಲಿ ಟಿವಿಎಸ್ 50 ಮೊಪೆಡ್ ಹೊರಬಂದ ಊರು ಇದು; ಅದೇ ಕಂಪನಿ ಈಗ ಐಕ್ಯೂಬ್ ಎಂಬ ವಿದ್ಯುತ್ ಸ್ಕೂಟರ್ ಮಾಡುತ್ತದೆ. ಐಐಟಿ ಮದ್ರಾಸಿನಲ್ಲಿ ಓದಿದ ತರುಣ್ ಮೆಹ್ತಾ ಮತ್ತು ಸ್ವಪ್ನಿಲ್ ಜೈನ್ 2013ರಲ್ಲಿ ಆರಂಭಿಸಿದ ಏಥರ್ ಕಂಪನಿ 2021ರಲ್ಲಿ ತನ್ನ ವಿದ್ಯುತ್ ಸ್ಕೂಟರುಗಳ ತಯಾರಿಕೆಯನ್ನು ಬೆಂಗಳೂರಿನಿಂದ ಇಲ್ಲಿಗೆ ಸಾಗಿಸಿತು. ಜಿಲ್ಲೆಯ ಒಳಗೆ ಇನ್ನಷ್ಟು ದೂರ, ಪೋಚಂಪಳ್ಳಿಯ ಕಡೆ, ಓಲಾದ ಸ್ಕೂಟರ್ ಕಾರ್ಖಾನೆ ಎದ್ದಿದೆ. ಕೃಷ್ಣಗಿರಿ ಜಿಲ್ಲೆಯಲ್ಲೇ ಆ ಕಂಪನಿ 46 ಮಿಲಿಮೀಟರ್ ಅಡ್ಡಳತೆಯ, 80 ಮಿಲಿಮೀಟರ್ ಎತ್ತರದ ಬ್ಯಾಟರಿ ಕೋಶಗಳನ್ನೂ ತಯಾರಿಸುತ್ತದೆ.

ಈ ಸ್ಕೂಟರುಗಳ ಬ್ಯಾಟರಿಯ ಒಂದೊಂದು ಕೋಶದ ಒಳಗೂ ಸ್ವಲ್ಪ ದ್ರವ ಇರುತ್ತದೆ. ಆ ದ್ರವದಲ್ಲಿ ಲೀಟರಿಗೆ ಸುಮಾರು 150 ಗ್ರಾಂ ಲೆಕ್ಕದಲ್ಲಿ ಒಂದು ಉಪ್ಪು ಕರಗಿರುತ್ತದೆ. ಹೆಸರು ಉದ್ದ: ಲಿಥಿಯಂ ಹೆಕ್ಸಾಫ್ಲೋರೋಫಾಸ್ಫೇಟ್. ಇದಕ್ಕೆ ನೀರೆಂದರೆ ಆಗದು. ತೇವ ತಾಗಿದರೆ ಒಡೆದು, ಗಾಜನ್ನೇ ಕೊರೆಯುವ ಹೈಡ್ರೋಫ್ಲೋರಿಕ್ ಆಮ್ಲವನ್ನು ಹುಟ್ಟಿಸುತ್ತದೆ. ಹಾಗಾಗಿ ಕೋಶಕ್ಕೆ ದ್ರವ ತುಂಬುವ ಕೋಣೆಯ ಗಾಳಿಯನ್ನು ಒಣಗಿಸಿ ಒಣಗಿಸಿ, ತೇವಾಂಶವನ್ನು ಶೇಕಡಾ 1ಕ್ಕೂ ಕೆಳಗೆ ಇಳಿಸಿರುತ್ತಾರೆ. ಮರುಭೂಮಿಯ ಗಾಳಿ ಕೂಡ ಅದರ ಮುಂದೆ ಹಸಿಯೇ.

ಉಪ್ಪನ್ನು ಕರಗಿಸುವುದರಲ್ಲಿ ನೀರಿಗೆ ಸಮ ಯಾವುದೂ ಇಲ್ಲ ಎಂದು ಶಾಲೆಯಲ್ಲಿ ಕಲಿತವರಿಗೆ ಇಲ್ಲಿ ಎರಡು ಪ್ರಶ್ನೆ ಏಳಬೇಕು. ಅಂಥ ನೀರನ್ನು ಬ್ಯಾಟರಿಯಿಂದ ಹೊರಗಿಟ್ಟದ್ದೇಕೆ? ಅದಿಲ್ಲದೆ ಉಪ್ಪು ಕರಗಿದ್ದಾದರೂ ಹೇಗೆ? ಮೊದಲನೆಯದಕ್ಕೆ ಉತ್ತರ ಚಿಕ್ಕದು. 1.23 ವೋಲ್ಟ್ ದಾಟಿದರೆ ನೀರು ಜಲಜನಕ, ಆಮ್ಲಜನಕಗಳಾಗಿ ಒಡೆಯಲು ಸಿದ್ಧವಾಗುತ್ತದೆ. ಲಿಥಿಯಂ ಕೋಶದ ವೋಲ್ಟೇಜ್ 3.6ರ ಆಸುಪಾಸು. ಎರಡನೆಯ ಪ್ರಶ್ನೆ ಅಷ್ಟು ಸುಲಭವಲ್ಲ.

ಅಡುಗೆ ಉಪ್ಪಿನ ಹರಳಿನಲ್ಲಿ ಧನ ಆವೇಶದ ಸೋಡಿಯಂ ಅಯಾನುಗಳೂ ಋಣ ಆವೇಶದ ಕ್ಲೋರೈಡ್ ಅಯಾನುಗಳೂ ಒಂದರ ಪಕ್ಕ ಒಂದು, ಮೇಲೆ ಕೆಳಗೆ ಹಿಂದೆ ಮುಂದೆ ಸಾಲುಗಟ್ಟಿ ಕೂತಿರುತ್ತವೆ. ಅವುಗಳ ಬಿಗಿತ ಸಾಮಾನ್ಯದ್ದಲ್ಲ. ಕಾಯಿಸಿಯೇ ಸಡಿಲಿಸುತ್ತೇವೆ ಎಂದರೆ 801 ಡಿಗ್ರಿಯವರೆಗೆ ಕಾಯಿಸಬೇಕು, ಆಗಷ್ಟೇ ಉಪ್ಪು ಕರಗಿ ಹರಿಯುತ್ತದೆ. 58 ಗ್ರಾಂ ಉಪ್ಪಿನ ಅಯಾನುಗಳನ್ನೆಲ್ಲ ಒಂದರಿಂದ ಒಂದು ಪೂರ್ತಿ ಬಿಡಿಸಲು ಸುಮಾರು 787 ಕಿಲೋಜೂಲ್ ಬೇಕು. ಎರಡೂವರೆ ಲೀಟರ್ ತಣ್ಣೀರನ್ನು ಕುದಿ ಬರುವವರೆಗೆ ಕಾಯಿಸುವಷ್ಟು ಶಕ್ತಿ. ಇಷ್ಟು ದೊಡ್ಡ ಕೆಲಸವನ್ನು ಒಂದು ಲೋಟ ತಣ್ಣೀರು ಒಲೆಯ ಹಂಗಿಲ್ಲದೆ ಮಾಡಿ ಮುಗಿಸುತ್ತದೆ.

ನೀರಿನ ಅಣು ನೆಟ್ಟಗಿಲ್ಲ, 104.5 ಡಿಗ್ರಿ ಕೋನದಲ್ಲಿ ಬಾಗಿದೆ. ಆಮ್ಲಜನಕದ ಬದಿ ತುಸು ಋಣ, ಜಲಜನಕಗಳ ಬದಿ ತುಸು ಧನ. ಇದೇ ಧ್ರುವೀಯತೆ. ಸೋಡಿಯಂ ಅಯಾನಿನ ಸುತ್ತ ನೀರಿನ ಅಣುಗಳು ಆಮ್ಲಜನಕವನ್ನು ಒಳಮುಖ ಮಾಡಿ ಮುತ್ತಿಕೊಳ್ಳುತ್ತವೆ, ಕ್ಲೋರೈಡಿನ ಸುತ್ತ ಜಲಜನಕವನ್ನು. ಹೀಗೆ ಮುತ್ತಿಕೊಂಡಾಗ ಹೊಮ್ಮುವ ಶಕ್ತಿ ಸುಮಾರು 783 ಕಿಲೋಜೂಲ್. ಬೇಕಾದದ್ದು 787, ಸಿಕ್ಕಿದ್ದು 783. ಉಳಿದ ನಾಲ್ಕನ್ನು ಉಪ್ಪು ತನ್ನ ಸುತ್ತಲಿನ ನೀರಿನ ಬಿಸಿಯಿಂದಲೇ ಎಳೆದುಕೊಳ್ಳುತ್ತದೆ. ಉಪ್ಪು ಕರಗುವಾಗ ನೀರು ಕೊಂಚ ತಣ್ಣಗಾಗುವುದು ಇದರಿಂದ. ಎರಡು ಭಾರೀ ಮೊತ್ತಗಳು ಹೀಗೆ ಹೆಚ್ಚುಕಡಿಮೆ ಸರಿತೂಗಿ, ಕರಗುವುದೋ ಬಿಡುವುದೋ ಎಂಬ ತೀರ್ಮಾನ ಅವುಗಳ ನಡುವಿನ ಪುಡಿಗಾಸಿನ ಮೇಲೆ ನಿಂತಿರುವುದು ಉಪ್ಪುಗಳ ರಸಾಯನಶಾಸ್ತ್ರದ ಸೊಗಸು ಮತ್ತು ಕಿರಿಕಿರಿ ಎರಡೂ. ದ್ರಾವಕ ಸ್ವಲ್ಪ ಬದಲಾದರೂ ಫಲ ತಲೆಕೆಳಗಾಗಬಹುದು.

ದ್ರವದ ಧ್ರುವೀಯತೆಯನ್ನು ಅಳೆಯಲು ಡೈಎಲೆಕ್ಟ್ರಿಕ್ ಸ್ಥಿರಾಂಕ ಎಂಬ ಸಂಖ್ಯೆಯನ್ನು ಬಳಸುತ್ತಾರೆ. ನಿರ್ವಾತದಲ್ಲಿ ಎರಡು ಅಯಾನುಗಳು ಪರಸ್ಪರ ಸೆಳೆಯುವ ಬಲ ಆ ದ್ರವದೊಳಗೆ ಎಷ್ಟು ಪಟ್ಟು ಕುಗ್ಗುತ್ತದೆ ಎಂಬ ಲೆಕ್ಕ ಅದು. ಕೋಣೆಯ ಉಷ್ಣತೆಯಲ್ಲಿ ನೀರಿನದು 78. ಮೆಥನಾಲಿನದು 33, ಎಥನಾಲಿನದು 24, ಕಡಲೆಕಾಯಿ ಎಣ್ಣೆಯದು ಸುಮಾರು 3. ಈಗ ಉಪ್ಪಿನ ಲೆಕ್ಕ: ಒಂದು ಲೀಟರ್ ನೀರಿನಲ್ಲಿ 360 ಗ್ರಾಂ ಅಡುಗೆ ಉಪ್ಪು ಕರಗುತ್ತದೆ, ಮೆಥನಾಲಿನಲ್ಲಿ 14 ಗ್ರಾಂ, ಎಥನಾಲಿನಲ್ಲಿ ಒಂದು ಗ್ರಾಂ ಕೂಡ ಇಲ್ಲ. ನೀರಿನಿಂದ ಎಥನಾಲಿಗೆ ಬಂದಾಗ ಸ್ಥಿರಾಂಕ ಮೂರರಲ್ಲೊಂದಾಯಿತು. ಕರಗುವಿಕೆ ಮಾತ್ರ ಐನೂರರಲ್ಲೊಂದಕ್ಕೂ ಕೆಳಗೆ ಕುಸಿಯಿತು. ಶಕ್ತಿಯ ಸಣ್ಣ ವ್ಯತ್ಯಾಸ ಕರಗುವಿಕೆಯಲ್ಲಿ ಹತ್ತಾರು ಪಟ್ಟು ಹಿಗ್ಗಿ ಕಾಣುವುದರಿಂದ ಹೀಗಾಗುತ್ತದೆ.

ಬೆಂಗಳೂರಿನ ಯಾವ ಜೈವಿಕ ಪ್ರಯೋಗಾಲಯಕ್ಕೆ ಹೋದರೂ ಇದರ ಉಪಯೋಗ ಕಣ್ಣಾರೆ ಕಾಣಬಹುದು. ಡಿಎನ್‌ಎ ಕೂಡ ಒಂದು ಬಗೆಯ ಲವಣವೇ, ಅದರ ಬೆನ್ನೆಲುಬಿನ ಉದ್ದಕ್ಕೂ ಋಣ ಆವೇಶದ ಫಾಸ್ಫೇಟ್‌ಗಳಿವೆ. ಉಪ್ಪು ಬೆರೆಸಿದ ನೀರಿನಲ್ಲಿ ಕರಗಿರುವ ಡಿಎನ್‌ಎಗೆ ತಣ್ಣನೆಯ ಎಥನಾಲ್ ಸುರಿದರೆ ದ್ರವದ ಧ್ರುವೀಯತೆ ಕುಸಿಯುತ್ತದೆ, ಸೋಡಿಯಂ ಅಯಾನುಗಳು ಫಾಸ್ಫೇಟ್‌ಗಳಿಗೆ ಅಂಟಿಕೊಳ್ಳುತ್ತವೆ, ಕಣ್ಣಿಗೆ ಕಾಣದಿದ್ದ ಡಿಎನ್‌ಎ ಬಿಳಿ ಎಳೆಯಾಗಿ ಬೇರ್ಪಡುತ್ತದೆ.

ಇಷ್ಟಕ್ಕೆ ನಿಲ್ಲಿಸಿದರೆ ಪಾಠ ಅಚ್ಚುಕಟ್ಟು: ಸ್ಥಿರಾಂಕ ಹೆಚ್ಚಾದಷ್ಟೂ ಉಪ್ಪು ಹೆಚ್ಚು ಕರಗುತ್ತದೆ. ಪಠ್ಯಪುಸ್ತಕಗಳು ಬಹುಮಟ್ಟಿಗೆ ಇಲ್ಲೇ ನಿಲ್ಲುತ್ತವೆ. ಆದರೆ ಎನ್-ಮೀಥೈಲ್‌ಫಾರ್ಮಮೈಡ್ ಎಂಬ ದ್ರವ ಒಂದಿದೆ. ಅದರ ಸ್ಥಿರಾಂಕ 180ಕ್ಕೂ ಮೇಲೆ, ನೀರಿನ ಎರಡು ಪಟ್ಟಿಗಿಂತ ಹೆಚ್ಚು. ನಿಯಮ ನಿಜವಾಗಿದ್ದರೆ ಅದು ಉಪ್ಪನ್ನು ಮುಕ್ಕಬೇಕಿತ್ತು. ಅದು ಕರಗಿಸುವ ಅಡುಗೆ ಉಪ್ಪು ನೀರು ಕರಗಿಸುವುದರ ಹತ್ತನೇ ಒಂದು ಪಾಲನ್ನೂ ಮುಟ್ಟುವುದಿಲ್ಲ. ಇತ್ತ ಅಸಿಟೋನನ್ನು ನೋಡಿ, ಸ್ಥಿರಾಂಕ ಬರೀ 21. ಅಡುಗೆ ಉಪ್ಪಿಗೆ ಅದು ಕ್ಯಾರೇ ಅನ್ನುವುದಿಲ್ಲ. ಅದೇ ಅಸಿಟೋನಿಗೆ ಸೋಡಿಯಂ ಅಯೋಡೈಡ್ ಹಾಕಿದರೆ ಲೀಟರಿಗೆ 400 ಗ್ರಾಂ ಹತ್ತಿರ ಕರಗಿಹೋಗುತ್ತದೆ. ಜರ್ಮನಿಯ ಹಾನ್ಸ್ ಫಿಂಕೆಲ್‌ಸ್ಟೈನ್ 1910ರಲ್ಲಿ ಈ ತಾರತಮ್ಯವನ್ನೇ ಬಂಡವಾಳ ಮಾಡಿಕೊಂಡು, ಸಾವಯವ ಸಂಯುಕ್ತಗಳಲ್ಲಿ ಕ್ಲೋರಿನ್ ಕಿತ್ತು ಅಯೋಡಿನ್ ಕೂರಿಸುವ ವಿಧಾನ ರೂಪಿಸಿದ. ಕ್ರಿಯೆ ನಡೆದಂತೆಲ್ಲ ಹುಟ್ಟುವ ಸೋಡಿಯಂ ಕ್ಲೋರೈಡ್ ಅಸಿಟೋನಿನಲ್ಲಿ ನಿಲ್ಲಲಾರದೆ ತಳಕ್ಕೆ ಬೀಳುತ್ತದೆ. ಬಿದ್ದದ್ದು ಹಿಂದಿರುಗದು, ಕ್ರಿಯೆ ಮುಂದಕ್ಕೇ ಸಾಗುತ್ತದೆ.

ಅಂದರೆ ಉತ್ತರದ ಅರ್ಧ ದ್ರಾವಕದಲ್ಲಿದೆ, ಇನ್ನರ್ಧ ಉಪ್ಪಿನಲ್ಲಿದೆ. ಅಯೋಡೈಡ್ ದಪ್ಪ ಅಯಾನು, ಅದರ ಆವೇಶ ದೊಡ್ಡ ಮೈಯ ಮೇಲೆ ಹರಡಿದೆ. ಸೋಡಿಯಂ ಅದನ್ನು ಬಿಗಿಯಾಗಿ ಹಿಡಿಯಲಾರದು, ಬಿಡಿಸುವುದು ಸುಲಭ. ದ್ರಾವಕದ ಕಡೆಯಿಂದಲೂ ಸ್ಥಿರಾಂಕವೊಂದೇ ಸಾಲದು. ಅಯಾನುಗಳ ನಡುವಿನ ಸೆಳೆತವನ್ನು ಕುಗ್ಗಿಸುವುದು ಒಂದು ಗುಣ. ಅಯಾನಿಗೆ ತನ್ನ ಎಲೆಕ್ಟ್ರಾನ್ ಜೋಡಿಯನ್ನು ಚಾಚಿ ಕೈಹಿಡಿಯುವುದು ಬೇರೆಯದೇ ಗುಣ. ವಿಯೆನ್ನಾದ ವಿಕ್ಟರ್ ಗುಟ್ಮನ್ 1960ರ ದಶಕದಲ್ಲಿ ಈ ಎರಡನೆಯ ಗುಣಕ್ಕೆ ದಾನಾಂಕ ಎನ್ನಬಹುದಾದ ಒಂದು ಅಳತೆ ಕೊಟ್ಟ. ನೈಟ್ರೋಮೀಥೇನ್, ಅಸಿಟೋನೈಟ್ರೈಲ್ ಎರಡರ ಸ್ಥಿರಾಂಕವೂ ಸುಮಾರು 36. ಗುಟ್ಮನ್ ಅಳತೆಯಲ್ಲಿ ಮೊದಲನೆಯದು 3ನ್ನು ಮುಟ್ಟುವುದಿಲ್ಲ, ಎರಡನೆಯದು 14. ಧನ ಅಯಾನುಗಳ ಮಟ್ಟಿಗೆ ಇವೆರಡೂ ತೀರಾ ಬೇರೆ ಬೇರೆ ದ್ರವಗಳು. ನೀರು 18, ಜೊತೆಗೆ ಋಣ ಅಯಾನನ್ನು ಹಿಡಿಯಲು ಅದಕ್ಕೆ ಜಲಜನಕಗಳೂ ಇವೆ. ಎರಡೂ ಕೈಯಿಂದ ಹಿಡಿಯಬಲ್ಲ ದ್ರವಗಳು ಅಪರೂಪ.

ಆ ನೀರಿನ ಹಿರಿಮೆಯೂ ಶಾಶ್ವತವಲ್ಲ. ರಾಯಚೂರಿನ ಯರಮರಸ್‌ನಲ್ಲಿ 800 ಮೆಗಾವಾಟಿನ ಎರಡು, ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ ಅಷ್ಟೇ ಸಾಮರ್ಥ್ಯದ ಮೂರು ಉಷ್ಣವಿದ್ಯುತ್ ಘಟಕಗಳಿವೆ. ಇವುಗಳಲ್ಲಿರುವುದು ‘ಸೂಪರ್‌ಕ್ರಿಟಿಕಲ್’ ಬಾಯ್ಲರುಗಳು. ನೀರನ್ನು 374 ಡಿಗ್ರಿ ಉಷ್ಣತೆ ಮತ್ತು ವಾತಾವರಣದ 218 ಪಟ್ಟು ಒತ್ತಡದ ಆಚೆಗೆ ಒಯ್ದು, ದ್ರವವೂ ಅಲ್ಲದ ಆವಿಯೂ ಅಲ್ಲದ ಸ್ಥಿತಿಯಲ್ಲಿ ದುಡಿಸಿಕೊಳ್ಳುತ್ತವೆ. ಕಾಯಿಸಿದಂತೆಲ್ಲ ಅಣುಗಳ ಕುಣಿತ ಹೆಚ್ಚಿ, ಅವು ಒಟ್ಟಾಗಿ ಒಂದು ದಿಕ್ಕಿಗೆ ಮುಖ ಮಾಡಲಾಗದೆ ನೀರಿನ ಸ್ಥಿರಾಂಕ ಇಳಿಯುತ್ತದೆ: 100 ಡಿಗ್ರಿಯಲ್ಲಿ 56, 200ರಲ್ಲಿ 35, 374 ಡಿಗ್ರಿಯ ಆ ಕ್ರಾಂತಿಬಿಂದುವಿನ ಹೊತ್ತಿಗೆ ಸುಮಾರು 6. ಅಲ್ಲಿಗೆ ನೀರು ಎಣ್ಣೆಯ ಜಾತಿಗೆ ಸೇರಿದಂತಾಯಿತು. ಅಂಥ ನೀರಿಗೆ ಉಪ್ಪನ್ನು ಹಿಡಿದಿಡುವ ತ್ರಾಣವಿಲ್ಲ. ಅದರಲ್ಲಿ ಉಳಿದ ಚೂರುಪಾರು ಲವಣ ಕೊಳವೆಗಳ ಗೋಡೆಗೋ ಟರ್ಬೈನಿನ ಅಲಗುಗಳಿಗೋ ಹತ್ತಿಕೊಳ್ಳುತ್ತದೆ. ಈ ಬಾಯ್ಲರುಗಳ ನೀರನ್ನು ಲವಣಗಳಿಂದ ಹೆಚ್ಚುಕಡಿಮೆ ಪೂರ್ತಿಯಾಗಿ ಮುಕ್ತಗೊಳಿಸಿಯೇ ಒಳಬಿಡುವುದು ಅದಕ್ಕಾಗಿ.

ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ರಾಜಾಜಿಯವರು ರಾಜಕಾರಣದ ನಡುವೆ ಬಿಡುವು ಮಾಡಿಕೊಂಡು ತಮಿಳಿನಲ್ಲಿ ‘ತಿಣ್ಣೈ ರಸಾಯನಂ’ ಎಂಬ ಪುಸ್ತಕ ಬರೆದಿದ್ದರು. ಜಗಲಿಕಟ್ಟೆಯ ಮೇಲೆ ಕೂತು ರಸಾಯನಶಾಸ್ತ್ರ ಹೇಳುವ ಯೋಚನೆಯೇ ಚೆಂದ. ಹೊಸೂರು ಸೀಮೆಯ ಜಗಲಿಯಲ್ಲಂತೂ ಅದಕ್ಕೆ ವಿಷಯದ ಬರವಿಲ್ಲ, ಬಾವಿಯ ನೀರೊಂದೇ ಸಾಕು.

ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಗಡಿಯ ಈಚೆ ಕೋಲಾರ, ಬಾಗೇಪಲ್ಲಿ, ಪಾವಗಡಗಳದೂ ಅದೇ ಕಥೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂವರೆಗೆ ಒಳ್ಳೆಯದು, ಬೇರೆ ಗತಿಯಿಲ್ಲದಿದ್ದರೆ 1.5. ಅದಕ್ಕೂ ಮೇಲಿನದನ್ನು ವರ್ಷಗಟ್ಟಲೆ ಕುಡಿದವರ ಹಲ್ಲಿನ ಮೇಲೆ ಕಂದು ಗೆರೆ ಮೂಡುತ್ತದೆ, ಪ್ರಮಾಣ ಇನ್ನೂ ಹೆಚ್ಚಿದರೆ ಮೂಳೆ ಕೀಲುಗಳು ಬಿಗಿಯುತ್ತವೆ. ಇಲ್ಲಿನ ನೈಸ್, ಗ್ರಾನೈಟ್ ಬಂಡೆಗಳಲ್ಲಿ ಫ್ಲೋರೈಡ್ ಹೊತ್ತ ಖನಿಜಗಳಿವೆ. ಅವುಗಳಲ್ಲಿ ಒಂದು ಫ್ಲೋರೈಟ್, ಅಂದರೆ ಕ್ಯಾಲ್ಸಿಯಂ ಫ್ಲೋರೈಡ್. ಪುಟ್ಟ ಫ್ಲೋರೈಡ್, ಎರಡು ಪಟ್ಟು ಆವೇಶದ ಕ್ಯಾಲ್ಸಿಯಂ. ಹಿಡಿತ ಅಡುಗೆ ಉಪ್ಪಿನ ಹಿಡಿತದ ಮೂರು ಪಟ್ಟಿಗೂ ಮೇಲೆ. ನೀರಿನ ಧ್ರುವೀಯತೆಯೆಲ್ಲ ಸೇರಿದರೂ ಒಂದು ಲೀಟರಿನಲ್ಲಿ ಕರಗಿಸಬಲ್ಲದ್ದು ಸುಮಾರು 16 ಮಿಲಿಗ್ರಾಂ. ಪ್ರಯೋಗಾಲಯದ ಭಾಷೆಯಲ್ಲಿ ಇದು ಕರಗದ ಲವಣ. ಆದರೆ ಆ 16ರಲ್ಲಿ 8 ಮಿಲಿಗ್ರಾಂ ಹತ್ತಿರ ಫ್ಲೋರೈಡೇ. ‘ಕರಗುವುದಿಲ್ಲ’ ಎಂಬ ಷರಾದ ಒಳಗೆ ಹಲ್ಲು ಕೆಡಿಸುವಷ್ಟು ವಿಷ ಅಡಗಿರಲು ಜಾಗವಿದೆ.

ನೀರಿನ ಧ್ರುವೀಯತೆ ಎಲ್ಲ ಬಾವಿಯಲ್ಲೂ ಒಂದೇ. ಆದರೂ ಒಂದು ಬಾವಿಯಲ್ಲಿ ಫ್ಲೋರೈಡ್ ಅರ್ಧ ಮಿಲಿಗ್ರಾಂ, ಅದೇ ಬಗೆಯ ಬಂಡೆಯ ಇನ್ನೊಂದು ಬಾವಿಯಲ್ಲಿ ಅದರ ಹಲವು ಪಟ್ಟು. ನೀರಿನಲ್ಲಿ ಆಗಲೇ ಯಾರು ಯಾರು ಕರಗಿ ಕೂತಿದ್ದಾರೆ ಎಂಬುದರ ಮೇಲೆ ಇದು ನಿರ್ಧಾರವಾಗುತ್ತದೆ. ಕ್ಯಾಲ್ಸಿಯಂ ಧಾರಾಳವಾಗಿದ್ದರೆ ಫ್ಲೋರೈಟ್ ಇನ್ನಷ್ಟು ಕರಗಲು ಅವಕಾಶ ಕಡಿಮೆ. ಮಳೆ ಕಮ್ಮಿ ಇರುವ ಕಡೆ ಆಳದಲ್ಲಿ ಬಹುಕಾಲ ನಿಂತ ನೀರಿನಲ್ಲಿ ಬೈಕಾರ್ಬನೇಟ್ ಹೆಚ್ಚಿ, ಕ್ಯಾಲ್ಸಿಯಂ ಸುಣ್ಣದ ಕಲ್ಲಾಗಿ ಹೊರಬೀಳುತ್ತದೆ. ಖಾಲಿಯಾದ ಜಾಗವನ್ನು ತುಂಬಲು ಫ್ಲೋರೈಟ್ ಕರಗುತ್ತದೆ, ಫ್ಲೋರೈಡ್ ಏರುತ್ತದೆ. ಗಡಸು ನೀರನ್ನು ಬೈಯುವುದು ರೂಢಿ. ಇಲ್ಲಿ ಗಡಸುತನ ಕಮ್ಮಿಯಾದ ನೀರೇ ಹೆಚ್ಚು ಅಪಾಯದ್ದು.

ಇದಕ್ಕೆ ಪರಿಹಾರವಾಗಿ ಬಂದದ್ದು ಹೊಗೇನಕಲ್ ಕುಡಿಯುವ ನೀರಿನ ಯೋಜನೆ. 2008ರಲ್ಲಿ ಶಂಕುಸ್ಥಾಪನೆಯಾದಾಗ ಕಾವೇರಿಯ ನೀರು, ಗಡಿ ಎಂದೆಲ್ಲ ಕರ್ನಾಟಕದಲ್ಲಿ ಪ್ರತಿಭಟನೆ ಎದ್ದು, ಹೊಸೂರಿನ ಕನ್ನಡಿಗರು ಎರಡೂ ಕಡೆಯ ಕೂಗಿನ ನಡುವೆ ಸಿಕ್ಕಿಕೊಂಡಿದ್ದರು. ಜಪಾನಿನ ಸಾಲದ ನೆರವಿನಿಂದ, 1,900 ಕೋಟಿ ರೂಪಾಯಿಗೂ ಮಿಕ್ಕ ವೆಚ್ಚದಲ್ಲಿ ಮುಗಿದ ಯೋಜನೆ 2013ರಲ್ಲಿ ಉದ್ಘಾಟನೆಯಾಯಿತು. ಯೋಜನೆಯ ಅಧಿಕೃತ ಹೆಸರಿನಲ್ಲೇ ‘ಫ್ಲೋರೋಸಿಸ್ ನಿವಾರಣೆ’ ಎಂಬ ಮಾತಿದೆ. ಗದ್ದಲದಲ್ಲಿ ಅದು ಎಷ್ಟು ಜನರ ಕಿವಿಗೆ ಬಿತ್ತೋ.

ಬಾವಿಯಲ್ಲಿ ಕಾಟ ಕೊಡುವ ಈ ಫ್ಲೋರಿನ್ ಬ್ಯಾಟರಿಯ ಉಪ್ಪಿನೊಳಗೂ ಇದೆ, ಅಲ್ಲಿ ಅದರ ಪಾತ್ರ ಬೇರೆ. ಲಿಥಿಯಂ ಫ್ಲೋರೈಡ್ ಮೊಂಡು ಉಪ್ಪು, ನೀರಿನಲ್ಲೇ ಲೀಟರಿಗೆ ಒಂದೂ ಚಿಲ್ಲರೆ ಗ್ರಾಂ ಮಾತ್ರ ಕರಗುತ್ತದೆ. ಅದನ್ನು ಬಗ್ಗಿಸುವ ಉಪಾಯ ಇದು: ಒಂದು ಫ್ಲೋರೈಡಿನ ಬದಲು ರಂಜಕದ ಪರಮಾಣುವಿನ ಸುತ್ತ ಆರು ಫ್ಲೋರಿನ್ ಕಟ್ಟಿ, ಒಂದೇ ಒಂದು ಋಣ ಆವೇಶವನ್ನು ಆರರ ಮೇಲೂ ಹಂಚಿಬಿಡುವುದು. ಆಗ ಲಿಥಿಯಂಗೆ ಹಿಡಿದುಕೊಳ್ಳಲು ಗಟ್ಟಿಯಾದ ಆಸರೆ ಸಿಗುವುದಿಲ್ಲ. ಅಸಿಟೋನಿನಲ್ಲಿ ಅಯೋಡೈಡ್ ತೋರಿಸಿದ ಸಡಿಲತನವನ್ನೇ ಇಲ್ಲಿ ಬೇಕೆಂದೇ ಕಟ್ಟಿಕೊಂಡದ್ದು.

ಇನ್ನು ದ್ರಾವಕ. ಅಮೆರಿಕದ ಬರ್ಕ್ಲಿಯಲ್ಲಿ ವಿಲಿಯಂ ಹ್ಯಾರಿಸ್ ಎಂಬ ವಿದ್ಯಾರ್ಥಿ 1958ರಲ್ಲಿ ಒಂದು ಪಿಎಚ್‌ಡಿ ಪ್ರಬಂಧ ಸಲ್ಲಿಸಿದ. ಉಂಗುರದಾಕಾರದ ಕೆಲವು ಎಸ್ಟರುಗಳಲ್ಲಿ ಯಾವ ಯಾವ ಲವಣಗಳು ಕರಗುತ್ತವೆ, ಕರಗಿದ ಮೇಲೆ ವಿದ್ಯುತ್ ಹಾಯಿಸಿದರೆ ಏನಾಗುತ್ತದೆ ಎಂಬುದು ಅದರ ವಿಷಯ. ಸ್ಕೂಟರು, ಮೊಬೈಲು ಯಾವುದರ ಕನಸೂ ಇಲ್ಲದ ಕಾಲದ ಕೆಲಸ. ಅವನು ಪರೀಕ್ಷಿಸಿದ ದ್ರಾವಕಗಳಲ್ಲಿ ಪ್ರೊಪಿಲೀನ್ ಕಾರ್ಬೊನೇಟ್ ಮತ್ತು ಎಥಿಲೀನ್ ಕಾರ್ಬೊನೇಟ್ ಇದ್ದವು. ಮೊದಲನೆಯದರ ಸ್ಥಿರಾಂಕ 65. ಎರಡನೆಯದರದು ಸುಮಾರು 90, ನೀರಿಗಿಂತಲೂ ಮೇಲೆ! ನೀರಿನಂತೆ ಕಡಿಮೆ ವೋಲ್ಟೇಜಿಗೇ ಒಡೆಯುವ ಚಾಳಿ ಇವಕ್ಕಿಲ್ಲ.

ಇದರ ಗುಟ್ಟು ಉಂಗುರದಲ್ಲಿದೆ. ಎಥಿಲೀನ್ ಕಾರ್ಬೊನೇಟಿನಲ್ಲೂ ಡೈಮೀಥೈಲ್ ಕಾರ್ಬೊನೇಟ್ ಎಂಬ ಅದರ ದಾಯಾದಿಯಲ್ಲೂ ಇರುವ ಮುಖ್ಯ ಗುಂಪು ಒಂದೇ, ಒಂದು ಇಂಗಾಲ ಮತ್ತು ಅದಕ್ಕಂಟಿದ ಮೂರು ಆಮ್ಲಜನಕ. ಎರಡನೆಯದರ ಅಣು ತೆರೆದ ಸರಪಳಿ. ಅದರ ಎರಡೂ ತೋಳುಗಳು ತಿರುಗಿಕೊಂಡು ತಮ್ಮ ಆವೇಶದ ಓರೆಯನ್ನು ಹೆಚ್ಚುಕಡಿಮೆ ರದ್ದು ಮಾಡಿಕೊಳ್ಳುತ್ತವೆ. ಉಂಗುರದಲ್ಲಿ ತೋಳುಗಳನ್ನು ಕಟ್ಟಿಹಾಕಿರುವುದರಿಂದ ಆ ಸ್ವಾತಂತ್ರ್ಯವಿಲ್ಲ; ಧ್ರುವೀಯತೆ ಪೂರ್ತಿ ಹೊರಗೆ ಕಾಣುತ್ತದೆ. ಫಲವಾಗಿ ಒಂದರ ಸ್ಥಿರಾಂಕ 90, ಇನ್ನೊಂದರದು 3. ಕಡಲೆಕಾಯಿ ಎಣ್ಣೆಯ ಮಟ್ಟ!

ಹಾಗಿದ್ದರೆ 90ರ ದ್ರವವನ್ನೇ ತುಂಬಿದರಾಯಿತಲ್ಲ ಎಂದರೆ ಅಡ್ಡಿಗಳಿವೆ. ಎಥಿಲೀನ್ ಕಾರ್ಬೊನೇಟ್ 36 ಡಿಗ್ರಿಗೆ ಗಟ್ಟಿಯಾಗುತ್ತದೆ. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದ ಹೊಸೂರಿನಲ್ಲಿ ವರ್ಷದ ಬಹುತೇಕ ದಿನ ಅದು ದ್ರವವೇ ಅಲ್ಲ, ಮೇಣದಂಥ ಗಟ್ಟಿ. ಪ್ರೊಪಿಲೀನ್ ಕಾರ್ಬೊನೇಟ್ ಸೊನ್ನೆಗಿಂತ 49 ಡಿಗ್ರಿ ಕೆಳಗಿನವರೆಗೂ ದ್ರವವಾಗಿರುತ್ತದೆ. ಎಲ್ಲರೂ ಅದರ ಹಿಂದೆಯೇ ಬಿದ್ದರು, ಮೂವತ್ತು ವರ್ಷ. ಎರಡಕ್ಕೂ ವ್ಯತ್ಯಾಸ ಒಂದು ಪುಟ್ಟ ಮೀಥೈಲ್ ಗುಂಪು. ಅದು ಮಾಡಿದ ಅವಾಂತರ ಮಾತ್ರ ದೊಡ್ಡದು.

ದ್ರಾವಣದಲ್ಲಿ ಲಿಥಿಯಂ ಅಯಾನು ಒಂಟಿಯಾಗಿ ಓಡಾಡುವುದಿಲ್ಲ. ದೇವರ ಪಲ್ಲಕ್ಕಿಗೆ ಹೆಗಲು ಕೊಟ್ಟವರಂತೆ ಸಾಮಾನ್ಯವಾಗಿ ನಾಲ್ಕು ದ್ರಾವಕ ಅಣುಗಳು ಅದನ್ನು ಸುತ್ತುವರಿದು ಒಯ್ಯುತ್ತವೆ. ಚಾರ್ಜ್ ಆಗುವಾಗ ಅದು ಹೋಗಿ ಸೇರಬೇಕಾದದ್ದು ಗ್ರಾಫೈಟಿನ ಪದರಗಳ ನಡುವೆ. ಆ ಸಂದು 0.335 ನ್ಯಾನೋಮೀಟರ್, ಒಂದು ಮೀಟರಿನ ಶತಕೋಟಿಯಲ್ಲೊಂದು ಪಾಲಿನ ಮೂರನೇ ಒಂದು ಭಾಗ. ಒಳಗೆ ಹೋಗಬೇಕಾದದ್ದು ಲಿಥಿಯಂ ಮಾತ್ರ, ಹೊತ್ತವರು ಹೊಸ್ತಿಲಾಚೆಯೇ ನಿಲ್ಲಬೇಕು. ಪ್ರೊಪಿಲೀನ್ ಕಾರ್ಬೊನೇಟ್ ನಿಲ್ಲುವುದಿಲ್ಲ, ಲಿಥಿಯಂ ಜೊತೆಗೇ ಒಳನುಗ್ಗಿ ಗ್ರಾಫೈಟಿನ ಪದರಗಳನ್ನು ಕಿತ್ತು ಎಬ್ಬಿಸುತ್ತದೆ. 1991ರಲ್ಲಿ ಸೋನಿ ಮಾರುಕಟ್ಟೆಗೆ ತಂದ ಮೊದಲ ಲಿಥಿಯಂ ಅಯಾನು ಬ್ಯಾಟರಿಯಲ್ಲಿ ಗ್ರಾಫೈಟ್ ಇರಲಿಲ್ಲ. ಅದರ ಬದಲು, ಪದರಗಳು ಅಷ್ಟು ಶಿಸ್ತಾಗಿಲ್ಲದ ಕೋಕಿನಂಥ ಇಂಗಾಲ ಇತ್ತು.

ಆ ಹೊತ್ತಿಗೆ, 1990ರಲ್ಲಿ, ಕೆನಡಾದ ಜೆಫ್ ಡಾನ್ ಮತ್ತು ಸಂಗಡಿಗರು ಎಥಿಲೀನ್ ಕಾರ್ಬೊನೇಟ್ ಬೆರೆತ ದ್ರವದಲ್ಲಿ ಗ್ರಾಫೈಟ್ ಉಳಿದುಕೊಳ್ಳುತ್ತದೆ ಎಂದು ತೋರಿಸಿದ್ದರು. ಮೊದಲ ಚಾರ್ಜಿನಲ್ಲಿ ಗ್ರಾಫೈಟಿನ ಮೇಲ್ಮೈಗೆ ತಾಗಿದ ಎಥಿಲೀನ್ ಕಾರ್ಬೊನೇಟ್ ಒಡೆದು, ಅಲ್ಲಿ ತೆಳುವಾದ ಪೊರೆ ಕಟ್ಟುತ್ತದೆ. ಪೊರೆಯಲ್ಲಿ ಲಿಥಿಯಂನ ಹಲವು ಕಾರ್ಬೊನೇಟ್‌ಗಳು, ಜೊತೆಗೆ ಆ ಮೊಂಡು ಲಿಥಿಯಂ ಫ್ಲೋರೈಡ್. ಲಿಥಿಯಂ ಅದರೊಳಗಿಂದ ತೂರಿ ಹೋಗಬಲ್ಲದು, ದ್ರಾವಕ ಹೋಗಲಾರದು. ಟೆಲ್ ಅವೀವ್‌ನ ಇಮ್ಯಾನುಯೆಲ್ ಪೆಲೆಡ್ 1979ರಲ್ಲೇ ಲಿಥಿಯಂ ಲೋಹದ ಮೇಲಿನ ಇಂಥ ಪೊರೆಯನ್ನು ವಿವರಿಸಿದ್ದ. ಪೊರೆ ಕಟ್ಟಿದ ಲವಣಗಳು ಸುತ್ತಲಿನ ದ್ರವದಲ್ಲಿ ಕರಗಿಹೋದರೆ ಬ್ಯಾಟರಿಯ ಆಯುಷ್ಯ ಅಲ್ಲಿಗೆ ಮುಗಿಯಿತು. ಹೀಗಾಗಿ ಕೋಶದ ದ್ರವದಿಂದ ಕೇಳುವುದು ವಿಚಿತ್ರ ಬೇಡಿಕೆ: ಲಿಥಿಯಂನ ಒಂದು ಉಪ್ಪನ್ನು ಧಾರಾಳವಾಗಿ ಕರಗಿಸಬೇಕು, ಅದೇ ಲಿಥಿಯಂನ ಉಳಿದ ಉಪ್ಪುಗಳನ್ನು ಮುಟ್ಟಲೂ ಕೂಡದು. ನೀರಿನಷ್ಟು ಸಮರ್ಥ ದ್ರಾವಕ ಈ ಕೆಲಸಕ್ಕೆ ಅನರ್ಹವಾಗುವುದು ವೋಲ್ಟೇಜಿನ ಕಾರಣಕ್ಕಷ್ಟೇ ಅಲ್ಲ.

ಗಟ್ಟಿಯಾಗುವ ತೊಂದರೆಗೆ ಉತ್ತರ ಆ ಎಣ್ಣೆಮಟ್ಟದ ದಾಯಾದಿ. ಡೈಮೀಥೈಲ್ ಕಾರ್ಬೊನೇಟ್ ನೀರಿಗಿಂತ ತೆಳು, ಸಲೀಸಾಗಿ ಹರಿಯುತ್ತದೆ. ಎರಡನ್ನೂ ಬೆರೆಸಿದರೆ ಹೊಸೂರಿನ ಮಾರ್ಗಶಿರದ ಚಳಿಯಲ್ಲೂ ದ್ರವ ದ್ರವವಾಗಿಯೇ ಇರುತ್ತದೆ. 90ರ ದ್ರಾವಕ ಅಯಾನುಗಳನ್ನು ಬಿಡಿಸುತ್ತದೆ, 3ರ ದ್ರಾವಕ ಅವುಗಳ ಓಟಕ್ಕೆ ದಾರಿ ಸಡಿಲಿಸುತ್ತದೆ. ಇಂದಿನ ಬಹುತೇಕ ಲಿಥಿಯಂ ಬ್ಯಾಟರಿಗಳಲ್ಲಿ ಇರುವುದು ಇಂಥದೇ ಯಾವುದಾದರೊಂದು ಮಿಶ್ರಣ. ಇಲ್ಲಿ ಇನ್ನೊಂದು ಅಚ್ಚರಿಯಿದೆ. ಕಡಲೆಕಾಯಿ ಎಣ್ಣೆಯಷ್ಟೇ ಸ್ಥಿರಾಂಕದ ಡೈಮೀಥೈಲ್ ಕಾರ್ಬೊನೇಟಿನಲ್ಲೂ, ಬೇರೇನೂ ಬೆರೆಸದೆಯೇ, ಈ ಲಿಥಿಯಂ ಉಪ್ಪು ಸಾಕಷ್ಟು ಕರಗುತ್ತದೆ. ಅದರ ಆಮ್ಲಜನಕ ಲಿಥಿಯಂನ ಕೈಹಿಡಿಯುತ್ತದೆ. ಆದರೆ ದೂರದ ಸೆಳೆತವನ್ನು ಕುಗ್ಗಿಸಲು ಬೇಕಾದ ಧ್ರುವೀಯತೆ ಇಲ್ಲದ್ದರಿಂದ ಅಯಾನುಗಳು ಜೋಡಿ ಜೋಡಿಯಾಗಿಯೇ ತಿರುಗುತ್ತವೆ, ವಿದ್ಯುತ್ ಹರಿವಿಗೆ ಒದಗುವುದು ಕಮ್ಮಿ. ಕರಗುವುದು ಬೇರೆ, ಬಿಡಿಯಾಗುವುದು ಬೇರೆ.

ಒಳ್ಳೆಯ ಕಾರ್ಬೊನೇಟ್ ಮಿಶ್ರಣ ಕೂಡ ವಿದ್ಯುತ್ ಒಯ್ಯುವುದರಲ್ಲಿ ಹಳೆಯ ಸೀಸದ ಬ್ಯಾಟರಿಯ ಆಮ್ಲದ ನೀರಿಗಿಂತ ಹತ್ತಾರು ಪಟ್ಟು ಹಿಂದೆ. ಮೇಲಾಗಿ ಬೆಂಕಿ ಹೊತ್ತುತ್ತದೆ. ವಿದ್ಯುತ್ ಸ್ಕೂಟರ್ ಉರಿದ ಚಿತ್ರಗಳಲ್ಲಿ ಉರಿಯುವುದರ ಒಂದು ಪಾಲು ಈ ದ್ರಾವಕವೇ. ಹಾಗಾಗಿ ನೀರನ್ನು ಮರಳಿ ಒಳತರುವ ಆಸೆ ಬ್ಯಾಟರಿ ಸಂಶೋಧಕರನ್ನು ಬಿಟ್ಟಿಲ್ಲ. 2015ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಚುನ್‌ಶೆಂಗ್ ವಾಂಗ್, ಅಲ್ಲಿನ ಸೇನಾ ಪ್ರಯೋಗಾಲಯದ ಕಾಂಗ್ ಶು ಮತ್ತು ಅವರ ತಂಡ ಒಂದು ಕಿಲೋ ನೀರಿಗೆ ಆರು ಕಿಲೋ ಲಿಥಿಯಂ ಉಪ್ಪು ಕರಗಿಸಿ ತೋರಿಸಿತು. ಉಪ್ಪು ಬೇರೆಯದು, ನೀರಿಗೆ ಹೆದರದ್ದು, ದೊಡ್ಡ ಸಡಿಲ ಋಣ ಅಯಾನಿನದು. ಅಷ್ಟು ಉಪ್ಪಿನ ನಡುವೆ ಒಂದೊಂದು ಲಿಥಿಯಂ ಪಾಲಿಗೂ ಮೂರು ನೀರಿನ ಅಣು ಕೂಡ ಬರುವುದಿಲ್ಲ. ಇದ್ದಬದ್ದ ನೀರೆಲ್ಲ ಲಿಥಿಯಂ ಹಿಡಿಯುವುದರಲ್ಲೇ ತೊಡಗಿ, ಒಡೆಯಲು ಬಿಡುವಾಗಿರುವ ನೀರು ಉಳಿಯುವುದೇ ಇಲ್ಲ ಎನ್ನಬಹುದು. ವಿದ್ಯುದ್ವಾರದ ಮೇಲೆ ಮತ್ತದೇ ಲಿಥಿಯಂ ಫ್ಲೋರೈಡಿನ ಪೊರೆಯೂ ಕಟ್ಟಿತು. ನೀರಿನ ಬ್ಯಾಟರಿಯ ಮಿತಿ 3 ವೋಲ್ಟಿನವರೆಗೆ ಹಿಗ್ಗಿತು.

ತೊಡಕಿರುವುದು ಆ ಆರು ಕಿಲೋದಲ್ಲಿ. ಬ್ಯಾಟರಿಯ ಉಪ್ಪುಗಳಲ್ಲೇ ಅದು ದುಬಾರಿ ಸಾಲಿನದು. ಅದೇ ಜಾಡಿನಲ್ಲಿ ಬೇರೆಯವರು ಅಗ್ಗದ ಸತುವಿನ ಕ್ಲೋರೈಡನ್ನು ಹಿಡಿದಿದ್ದಾರೆ. ಒಂದು ಕಿಲೋ ನೀರಿನಲ್ಲಿ ಅದು ನಾಲ್ಕು ಕಿಲೋ ಕರಗುತ್ತದೆ. ಸತುವಿನ ಬ್ಯಾಟರಿಗಳಿಗೆ ಈ ದ್ರಾವಣ ಒಗ್ಗುತ್ತದೆ ಎಂದು 2018ರಿಂದ ಪ್ರಯೋಗಗಳು ಪ್ರಕಟವಾಗುತ್ತಿವೆ. ಸತುವಿನ ಕೋಶದ ವೋಲ್ಟೇಜ್ ಲಿಥಿಯಂನದಕ್ಕಿಂತ ಕಡಿಮೆ, ತೂಕ ಹೆಚ್ಚು. ಸ್ಕೂಟರಿಗಿಂತ, ಕದಲದೆ ಒಂದು ಕಡೆ ನಿಂತು ಸೌರವಿದ್ಯುತ್ತನ್ನು ರಾತ್ರಿಗೆ ಕೂಡಿಡುವ ಪೆಟ್ಟಿಗೆಗಳಿಗೆ ಅದು ಹೆಚ್ಚು ಹೊಂದೀತು.